ಸುಭದ್ರಾಬಾಯಿ ಹೊರಗೆ ಕೂತ ಇಪ್ಪತ್ತೊಂದು ದಿನ

ಹುಚ್ಚುನಾಯಿಯನ್ನು ಒಂದು ಹರಕು ಛತ್ರಿಯಿಂದ ಎದುರಿಸಿ, ತಾರ್ನಾಕದಿಂದ ಉಪ್ಪಲ್‌ವರೆಗೆ ತಿರುಗಿ ನೋಡದಂತೆ ಓಡಿಸಿದ ಗಂಡಸು ಈ ಹೈದರಾಬಾದಿನಲ್ಲಿ ಒಬ್ಬನೇ ಇದ್ದಾನೆ. ಹೆಸರು ವೈಜನಾಥ, ಊರು ಬೀದರ ಜಿಲ್ಲೆಯ ಭಾಲ್ಕಿ, ಅಂದರೆ ನಾನೇ. ಮೂವತ್ತೊಂಬತ್ತು ವರ್ಷದಿಂದ ಈ ಸಂಗತಿಯನ್ನು ಹೇಳುತ್ತ ಬಂದಿದ್ದೇನೆ. ವರ್ಷಕ್ಕೊಂದು ಅಂಗುಲ ನಾಯಿ ಬೆಳೆದಿದೆ. ಈಗ ಅದು ಕರುವಿನಷ್ಟಾಗಿದೆ, ದೇವರು ನನಗೆ ಇನ್ನು ಹತ್ತು ವರ್ಷ ಆಯುಷ್ಯ ಕೊಟ್ಟರೆ ಎಮ್ಮೆಯಾಗುತ್ತದೆ.

ಆದರೆ ಇವತ್ತು ಬರೆಯಲು ಕೂತದ್ದು ಪಕ್ಕದ ಮನೆಯ ಸುಭದ್ರಾಬಾಯಿಯ ಬಗ್ಗೆ. ನಾಯಿ ಬಂದಾಗ ಆಕೆಯೂ ಅದೇ ಗಲ್ಲಿಯಲ್ಲಿದ್ದಳು.

ಅರವತ್ತೇಳನೆಯ ಇಸವಿ. ತಾರ್ನಾಕದ ಆ ಮನೆಯನ್ನು ಮಾಲೀಕ ನಡುವೆ ಸೀಳಿ ಎರಡು ಪೋರ್ಶನ್ ಮಾಡಿ ಬಾಡಿಗೆಗೆ ಕೊಟ್ಟಿದ್ದ. ಒಂದರಲ್ಲಿ ನಾನು ಮತ್ತು ನನ್ನ ಹೆಂಡತಿ ಗಿರಿಜಾಬಾಯಿ. ಇನ್ನೊಂದರಲ್ಲಿ ಪ್ರಾಣೇಶರಾಯರ ಸಂಸಾರ: ರಾಯರು, ಅವರ ತಾಯಿ ತುಳಸಾಬಾಯಿ, ಹೆಂಡತಿ ಸುಭದ್ರಾಬಾಯಿ, ಆರು ವರ್ಷದ ನಲಿನಿ, ಎರಡೂವರೆ ವರ್ಷದ ಜಯತೀರ್ಥ. ರಾಯರು ಸರ್ವೇ ಖಾತೆಯವರು. ಗುಡ್ಡದಿಂದ ಗುಡ್ಡಕ್ಕೆ ಎಷ್ಟು ದೂರ ಅಂತ ಅಳೆಯುವುದು ಅವರ ಕೆಲಸ. ತಿಂಗಳಲ್ಲಿ ಇಪ್ಪತ್ತೈದು ದಿನ ಗುಡ್ಡದ ಮೇಲೆ, ಐದು ದಿನ ಮನೆಯಲ್ಲಿ. ತುಳಸಾಬಾಯಿಯವರ ಮಡಿ ಎಂಥದೆಂದರೆ, ಗಾಳಿ ಕೂಡ ಸ್ನಾನ ಮಾಡಿಕೊಂಡು ಬಂದರೆ ಮಾತ್ರ ಅಡುಗೆಮನೆಯ ಕಿಟಕಿಯಿಂದ ಒಳಗೆ ಪ್ರವೇಶ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆದರೂ ಮೈಲಿಗೆ ಎಲ್ಲಿದೆ ಅಂತ ವಾಸನೆಯ ಮೇಲೆ ಹಿಡಿಯುತ್ತಿದ್ದರು.

ಸುಭದ್ರಾಬಾಯಿ ಲಿಂಗಸೂಗೂರು ಕಡೆಯ ಹಳ್ಳಿಯಿಂದ ಬಂದವಳು. ಕನ್ನಡ ಬಿಟ್ಟು ಮತ್ತೊಂದು ಭಾಷೆ ಗೊತ್ತಿಲ್ಲ. ತರಕಾರಿ ಬಂಡಿಯವನು ತೆಲುಗಿನಲ್ಲಿ ಏನಾದರೂ ಕೇಳಿದರೆ ಬದನೆಕಾಯಿಯತ್ತ ಬೆರಳು ತೋರಿಸುವಳು, ಅವನು ಬೆಂಡೆಕಾಯಿ ತೂಗಿ ಕೊಡುವನು, ಈಕೆ ಅದನ್ನೇ ತಂದು ಪಲ್ಯ ಮಾಡುವಳು. ಲಕ್ಷಗಟ್ಟಲೆ ಜನರ ಶಹರದಲ್ಲಿ ಆಕೆಗೆ ಮಾತಾಡಲು ಇದ್ದವರು ನಾಲ್ಕೇ ಮಂದಿ. ಇಬ್ಬರು ಸಣ್ಣವರು, ಒಬ್ಬರು ಗುಡ್ಡದ ಮೇಲೆ, ಇನ್ನೊಬ್ಬರು ಮಡಿಯಲ್ಲಿ. ನನ್ನ ಹೆಂಡತಿಯ ಜೊತೆ ಒಂದೆರಡು ಮಾತು ಆಡುತ್ತಿದ್ದಳು. ನನ್ನ ಜೊತೆ ಮಾತೇ ಇಲ್ಲ. ನಾನು ಎಲ್ಲರ ಪಾಲಿನದ್ದೂ ಸೇರಿಸಿ ಆಡುತ್ತಿದ್ದೆನಾದ್ದರಿಂದ ಅದರ ಕೊರತೆ ನನಗೆ ಗೊತ್ತಾಗಲಿಲ್ಲ.

ನಾಯಿ ಬಂದದ್ದು ಬೆಳಿಗ್ಗೆ ಏಳರ ಹೊತ್ತಿಗೆ. ಗಲ್ಲಿಯ ಕೊನೆಯ ನಳದ ಹತ್ತಿರ. ಆ ಸಂಜೆ ಕಟ್ಟೆಯ ಮೇಲೆ ಕೂತು ಗಲ್ಲಿಗೆಲ್ಲ ಕೇಳುವಂತೆ ನಾನು ಹೇಳಿದ ಕಥೆ ಹೀಗಿತ್ತು: ನಾಯಿ ಜೊಲ್ಲು ಸುರಿಸುತ್ತ ಸುಭದ್ರಾಬಾಯಿ ಮತ್ತು ಎರಡು ಕೂಸುಗಳ ಮೇಲೆ ಬಂತು, ನಾನು ನಡುವೆ ಹಾರಿದೆ, ಛತ್ರಿಯನ್ನು ಗದೆಯಂತೆ ತಿರುಗಿಸಿದೆ, ಮೂರನೆಯ ಏಟಿಗೆ ಅದು ಬಾಲ ಮುದುರಿಕೊಂಡು ಉಪ್ಪಲ್ ದಾರಿ ಹಿಡಿಯಿತು. "ಯಾರಿಗೂ ಒಂದು ಗೀರು ಸೈತ ಬಿದ್ದಿಲ್ಲ," ಅಂದೆ. ತುಳಸಾಬಾಯಿ ಬಾಗಿಲೊಳಗಿಂದಲೇ ಕೈಯೆತ್ತಿ ಆಶೀರ್ವಾದ ಮಾಡಿದರು. "ನೂರು ವರ್ಷ ಬಾಳಪ್ಪಾ ವೈಜನಾಥ. ನಮ್ಮನಿ ಗಂಡಸು ಗುಡ್ಡದ ಮ್ಯಾಲ ಇದ್ದಾನ. ನೀ ಇದ್ದದ್ದಕ್ಕ ಮಕ್ಕಳು ಉಳದವು."

ಮೂರನೆಯ ದಿನ ಆ ನಾಯಿ ಯುನಿವರ್ಸಿಟಿಯ ಬೇಲಿಯ ಹತ್ತಿರ ಸತ್ತುಬಿದ್ದಿತ್ತು. ನಾನು ಅದನ್ನೂ ಬಿಡಲಿಲ್ಲ. "ನನ್ನ ಏಟು ಒಳಗಿಂದೊಳಗ ಕೆಲಸ ಮಾಡೇದ," ಅಂತ ಡಂಗುರ ಹೊಡೆದೆ.

ಇಷ್ಟರಲ್ಲಿ ಸುಭದ್ರಾಬಾಯಿ ಹಿತ್ತಲ ಖೋಲಿಗೆ ಹೋಗಿ ಕೂತಿದ್ದಳು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಆಗ ಅವರ ಮನೆಗಳಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂಡುತ್ತಿದ್ದರು. ಯಾರನ್ನೂ ಮುಟ್ಟುವಂತಿಲ್ಲ, ಯಾವುದನ್ನೂ ಮುಟ್ಟುವಂತಿಲ್ಲ, ಒಂದು ಚಾಪೆ, ಒಂದು ತಂಬಿಗೆ, ದೂರದಿಂದ ಸರಿಸಿದ ಊಟ. ಸಣ್ಣ ಮಕ್ಕಳಿಗೆ "ಅಮ್ಮಗ ಕಾಗಿ ಮುಟ್ಟೇದ" ಅಂತ ಹೇಳುವುದು ವಾಡಿಕೆ. ಕಾಗೆ ಮುಟ್ಟಿದವರನ್ನು ಮುಟ್ಟಬಾರದು, ನಾಲ್ಕನೆಯ ದಿನ ತಲೆಗೆ ಎರೆದುಕೊಂಡರೆ ಕಾಗೆ ಹಾರಿಹೋಗುತ್ತದೆ. ಮಕ್ಕಳು ಇದನ್ನು ಮಳೆ ಬಿಸಿಲಿನಂತೆ ಒಪ್ಪಿಕೊಂಡಿರುತ್ತಿದ್ದವು.

ಎಂಟನೆಯ ದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ಹಲ್ಲು ತಿಕ್ಕುತ್ತಿದ್ದೆ. ನಲಿನಿ ಉಡಿ ತುಂಬ ಕಲ್ಲು ಇಟ್ಟುಕೊಂಡು ಗೋಡೆಯ ಮೇಲಿನ ಕಾಗೆಗಳಿಗೆ ಹೊಡೆಯುತ್ತಿದ್ದಳು. ಒಂದು ಕಲ್ಲು ನನ್ನ ಬೋಳುತಲೆಗೇ ಬಂತು.

"ಯಾಕವಾ, ನಾ ನಿನಗ ಕಾಗಿ ಹಂಗ ಕಾಣಾಕತ್ತೀನೇನು?" ಅಂದೆ.

"ನಿಮಗಲ್ಲರಿ ಕಾಕಾ. ಇವು ಅಮ್ಮನ್ನ ಬಿಡವಲ್ಲವು."

"ಅಂದ್ರ?"

"ಯಾವಾಗಲೂ ನಾಕನೇ ದಿನ ಬಿಡತಾವ. ಈ ಸಲ ಎಂಟು ದಿನ ಆತು. ಎಷ್ಟು ಕಾಗಿ ಮುಟ್ಟ್ಯಾವರಿ ನಮ್ಮಮ್ಮಗ?" ಅಂತ ಕೇಳಿ ಇನ್ನೊಂದು ಕಲ್ಲು ಬೀಸಿದಳು. ಆಮೇಲೆ ದೊಡ್ಡವರ ಧಾಟಿಯಲ್ಲಿ, "ಸಂಜೀಗೆ ನಾನೇ ಚಿಲಕಾ ಹಾಕತೀನಿ. ಹೊರಗಿಂದ. ಇಲ್ಲಾಂದ್ರ ಕಾಗಿ ಒಳಗ ಬರತಾವಂತ. ಅಮ್ಮ ಹೇಳ್ಯಾಳ," ಅಂದಳು.

ನಗುವ ಬಾಯಿ ನನ್ನದು, ಆದರೆ ಆ ಹೊತ್ತಿಗೆ ಬಾಯಿಯ ತುಂಬ ಹಲ್ಲುಪುಡಿ ಇತ್ತು, ನಗು ಬರಲಿಲ್ಲ. ತಾಯಿಯೊಬ್ಬಳು ತನ್ನ ಮಗಳ ಕೈಯಿಂದ ತನ್ನನ್ನೇ ಹೊರಗಿನಿಂದ ಚಿಲಕ ಹಾಕಿಸಿಕೊಳ್ಳುತ್ತಾಳೆಂದರೆ ಏನರ್ಥ?

ನಲಿನಿ ಒಳಗೆ ಹೋದಮೇಲೆ ಒಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತು ಗೋಡೆಯಾಚೆ ನೋಡಿದೆ. ಖೋಲಿಯ ಕಿಟಕಿ ತೆರೆದಿತ್ತು. ಸುಭದ್ರಾಬಾಯಿ ಚಾಪೆಯ ಮೇಲೆ ಕೂತು ಎರಡೂ ಕೈಯಲ್ಲಿ ಹಿತ್ತಾಳೆಯ ಲೋಟ ಹಿಡಿದಿದ್ದಳು. ಲೋಟದಲ್ಲಿ ನೀರು. ಅದನ್ನು ಬಾಯಿಗೆ ಒಯ್ಯಲಿಲ್ಲ, ಸುಮ್ಮನೆ ನೋಡಿದಳು. ಬಹಳ ಹೊತ್ತು ನೋಡಿದಳು, ಅದು ಏನಾದರೂ ಮಾತಾಡೀತೇನೋ ಎಂಬಂತೆ. ಆಮೇಲೆ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ಗಂಟಲ ಮೇಲೆ ಕೈಯಿಟ್ಟು ನೀರು ಕೆಳಗೆ ಇಳಿದದ್ದನ್ನು ನೋಡಿಕೊಂಡಳು. ಇನ್ನೊಂದು ಗುಟುಕು. ಲೋಟ ಖಾಲಿಯಾದಾಗ ಆಕೆಯ ಹೆಗಲು ಎರಡು ಅಂಗುಲ ಇಳಿದವು. ಒಂದು ಲೋಟ ನೀರು ಕುಡಿಯಲು ಅಷ್ಟು ಧೈರ್ಯ ಬೇಕಾಗುವುದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಇದನ್ನು ಮಾತ್ರ ಬೆಳೆಸಿ ಹೇಳುತ್ತಿಲ್ಲ.

ಎಡಗಾಲಿನ ಮೀನಖಂಡಕ್ಕೆ ಹಳೆಯ ಸೀರೆಯ ಪಟ್ಟಿ ಸುತ್ತಿತ್ತು.

ಈಗ ಆ ಬೆಳಗಿನ ಖರೆ ಸಂಗತಿ ಹೇಳಿಬಿಡುತ್ತೇನೆ. ನಾಯಿ ಗಲ್ಲಿಯ ತಿರುವಿನಲ್ಲಿ ಕಂಡದ್ದೇ ತಡ, ನಾನು ಕಂಪೌಂಡ್ ಗೋಡೆಯ ಮೇಲಿದ್ದೆ. ಹೇಗೆ ಏರಿದೆ ಎಂದು ಕೇಳಬೇಡಿ. ಆ ಗೋಡೆ ಐದೂವರೆ ಅಡಿ, ಮತ್ತೆ ಏರಿ ನೋಡಲು ಹೋದಾಗ ಎರಡು ಸಲ ಬಿದ್ದೆ. ಛತ್ರಿ ಕೆಳಗೇ ಬಿದ್ದಿತ್ತು. ಸುಭದ್ರಾಬಾಯಿ ಓಡಿಬಂದು ಜಯತೀರ್ಥನನ್ನು ಎರಡೂ ಕೈಯಲ್ಲಿ ನನ್ನತ್ತ ಎತ್ತಿದಳು. "ಅಣ್ಣಾ, ಹಿಡೀರಿ," ಅಂದಳು. ನನ್ನ ಜೊತೆ ಆಕೆ ಆಡಿದ ಮೊದಲ ಮಾತು ಅದು. ನಾನು ಹಿಡಿಯಲಿಲ್ಲ. ನನ್ನ ಎರಡೂ ಕೈ ಗೋಡೆಯನ್ನು ಹಿಡಿದಿದ್ದವು, ಬಿಡು ಅಂದರೆ ಬಿಡಲೊಲ್ಲವು. ಆಮೇಲೆ ಕಣ್ಣು ಮುಚ್ಚಿದೆ. ತೆರೆದಾಗ ನಾಯಿ ಇರಲಿಲ್ಲ. ನಳದ ಪಕ್ಕದ, ನೀರಿಲ್ಲದ ಸಿಮೆಂಟಿನ ಹೌಜಿನೊಳಗೆ ಎರಡು ಮಕ್ಕಳು ಬೋರಲು ಮಲಗಿದ್ದವು. ಸುಭದ್ರಾಬಾಯಿ ಅದಕ್ಕೆ ಬೆನ್ನು ಕೊಟ್ಟು, ಸೀರೆ ಸರಿಮಾಡಿಕೊಳ್ಳುತ್ತ ನಿಂತಿದ್ದಳು.

ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಸಂಜೆಗೆ ಛತ್ರಿಯ ಕಥೆ ತಯಾರಾಗಿತ್ತು.

ಬಕೆಟ್ಟಿನ ಮೇಲೆ ನಿಂತು ಗೋಡೆಯಾಚೆಗೆ ಕೇಳಿದೆ. "ತಂಗೀ, ಕಚ್ಚೇತೇನು?"

ಆಕೆ ಬೆಚ್ಚಲಿಲ್ಲ. "ಹೂಂ," ಅಂದಳು.

"ಎಂಟು ದಿನ ಆತು. ಯಾರಿಗೂ ಯಾಕ ಹೇಳಲಿಲ್ಲ?"

"ಅವತ್ತೇ ಅತ್ತಿಗೆ ಹೇಳಲಿಕ್ಕೆ ಹೋದೆ. 'ವೈಜನಾಥ ಹೊಡದು ಓಡಿಸ್ಯಾನ, ಯಾರಿಗೂ ಗೀರು ಸೈತ ಬಿದ್ದಿಲ್ಲ, ನೀ ಹೆದರಿ ಏನೇನೋ ಅನ್ನಬ್ಯಾಡ' ಅಂದ್ರು. ಇವರಿಗೆ ಕಾರ್ಡು ಬರದೀನಿ. ಇನ್ನ ಯಾರಿಗೆ ಹೇಳಲಿ? ನನ್ನ ಮಾತು ತಿಳಿಯೋವರು ಈ ಊರಾಗ ಯಾರಿದ್ದಾರ?" ಖಾಲಿ ಲೋಟ ಬದಿಗಿಟ್ಟು, "ನಾಯಿ ಸತ್ತದ್ದೂ ಗೊತ್ತದ. ನೀವೇ ಹೇಳಲಿಕ್ಕತ್ತಿದ್ರಿ, ಇಲ್ಲಿತನಕಾ ಕೇಳಸ್ತು," ಅಂದಳು.

ಆಕೆಯ ಊರಿನಲ್ಲಿ ಅಮೃತಪ್ಪ ಅಂತ ಒಬ್ಬನಿಗೆ ನಾಯಿ ಕಚ್ಚಿತ್ತಂತೆ. ಅವನು ನೀರು ಕಂಡರೆ ಚೀರುವಂತಾದ, ಜನ ಕಂಬಕ್ಕೆ ಕಟ್ಟಿಹಾಕಿದರು, ಮೂರು ದಿನದಲ್ಲಿ ಸತ್ತ. "ಅವನ ಮಕ್ಕಳು ಕಿಡಕ್ಯಾಗಿಂದ ನೋಡಲಿಕ್ಕತ್ತಿದ್ರು," ಅಂದಳು. "ಸಣ್ಣವನು ಹತ್ರ ಹೋದಾಗ ಅಂವಾ ಕಚ್ಚಲಿಕ್ಕೆ ಬಂದಿದ್ದ. ತನ್ನ ಮಗನ್ನ. ಅದಕ್ಕೇ ನಾ ಇಲ್ಲಿ ಕೂತೀನಿ. ಚಿಲಕಾ ಹೊರಗದ. ನನಗೇನರ ಆದ್ರೂ ಅವು ಸುರಕ್ಷಿತ ಇರತಾವ."

ಹೊರಗೆ ಕೂಡುವುದೊಂದು ಪದ್ಧತಿ ಇದ್ದದ್ದರಿಂದ, ಹೀಗೆ ಒಬ್ಬಳು ಎಂಟು ದಿನ ಸಾವಿನ ಎದುರು ಕೂತರೂ ಮನೆಯವರಿಗೆ ಅನುಮಾನ ಬಂದಿರಲಿಲ್ಲ. ತುಳಸಾಬಾಯಿ "ಈ ಸಲ ಜಾಸ್ತಿ ಆಗೇದ ಪಾಪ" ಅಂದುಕೊಂಡು ಊಟ ಸರಿಸುತ್ತಿದ್ದರು. ಜಯತೀರ್ಥ ದಿನಾ ಕಿಟಕಿಯ ಹತ್ತಿರ ಬಂದು ಎತ್ತಿಕೋ ಅಂತ ಕೈಚಾಚಿ, ಅತ್ತು, ಸುಸ್ತಾಗಿ ಅಲ್ಲೇ ಮಣ್ಣಿನಲ್ಲಿ ಮಲಗಿಬಿಡುತ್ತಿದ್ದ. ಆಕೆ ಒಳಗಿಂದ ಹಾಡುತ್ತಿದ್ದಳು. ಗೋಡೆಯ ಈಚೆ ನಮಗೂ ಕೇಳುತ್ತಿತ್ತು. ನಾನು ಗಿರಿಜಾಬಾಯಿಗೆ, "ಭಾಳ ಛಲೋ ಹಾಡತಾಳ ನೋಡು, ರೇಡಿಯೋದಾಗ ಕರಸಬೇಕು," ಅಂದಿದ್ದೆ.

ಹೆಂಡತಿಗೆ ಎಲ್ಲ ಹೇಳಿದೆ. ಗೋಡೆ ಏರಿದ್ದು, ಕಣ್ಣು ಮುಚ್ಚಿದ್ದು, ಎಲ್ಲ. ಗಿರಿಜಾಬಾಯಿ ನನ್ನನ್ನು ಒಂದು ನೋಟ ನೋಡಿದಳು. ಆ ನೋಟದಲ್ಲಿ ನಾಲ್ಕು ಮಣ ಭಾರ ಇತ್ತು. "ಸೀರಿ ಬದಲಿ ಮಾಡಿ ಬರ್ತೀನಿ. ನೀವು ಹೋಗಿ ಮುದುಕಿಗೆ ನಿಮ್ಮ ಬಾಯಿಲೇ ಹೇಳ್ರಿ," ಅಂದಳು.

ಹೋಗಿ ಹೇಳಿದೆ. ತುಳಸಾಬಾಯಿ ಜಪಮಾಲೆ ನಿಲ್ಲಿಸಿದರು. "ಅವತ್ತ ಛತ್ರೀಲೆ ಹೊಡದೆ ಅಂದಿ. ಇವತ್ತ ಕಚ್ಚೇದ ಅಂತಿ. ಯಾವದು ನಂಬಲಿ ವೈಜನಾಥ?"

"ಇದನ್ನ ನಂಬ್ರಿ ಅವ್ವಾರ."

"ನಿನ್ನ ಬಾಯಿಲೆ ಬಂದದ್ದು ಅಂದಮ್ಯಾಲ ನಂಬೋದಾದ್ರೂ ಹ್ಯಾಂಗ?"

ಅಂದವರು ಎದ್ದರು. ಪಟ್ಟೆಸೀರೆ, ಪೂರ್ತಿ ಮಡಿ. ಗೋಡೆ ಸವರುತ್ತ ಹಿತ್ತಲಿಗೆ ನಡೆದು, ಚಿಲಕ ತೆಗೆದು, ಹೊರಗೆ ಕೂತವಳ ಖೋಲಿಯೊಳಗೆ ನೇರ ಕಾಲಿಟ್ಟರು. "ಅತ್ತೀ, ಬ್ಯಾಡ್ರಿ, ಮುಟ್ಟಬ್ಯಾಡ್ರಿ," ಅಂತ ಸುಭದ್ರಾಬಾಯಿ ಮೂಲೆಗೆ ಸರಿದಳು. ಮುದುಕಿ ಕೂತು, ಕಾಲು ಹಿಡಿದು ಎಳೆದುಕೊಂಡು, ಪಟ್ಟಿ ಬಿಚ್ಚಿ, ಕಾಣದ ಕಣ್ಣಿನ ಬದಲು ಬೆರಳಿನಿಂದ ನೋಡಿದರು. ನಾಲ್ಕು ಹಲ್ಲಿನ ಗುರುತು. ಅದರ ಮೇಲೆ ಅರಿಶಿನ, ಸುಣ್ಣ. ಬಹಳ ಹೊತ್ತು ಬೆರಳು ಅಲ್ಲೇ ಇತ್ತು.

"ರಿಕ್ಷಾ ತರಸು," ಅಂದರು ನನಗೆ. ಅದಾದಮೇಲೆ ಸ್ನಾನ ಮಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ನಾಯಿ ಕಡಿತದ ಸೂಜಿ ಆಗ ನಾರಾಯಣಗುಡದಲ್ಲಿ ಹಾಕುತ್ತಿದ್ದರು. ಹೊಟ್ಟೆಯ ಸುತ್ತ, ದಿನಕ್ಕೊಂದರಂತೆ ಹದಿನಾಲ್ಕು. ಆ ಸೂಜಿ ಎಷ್ಟು ದೊಡ್ಡದೆಂದರೆ ಅದರಿಂದ ಗೋಣಿಚೀಲ ಹೊಲಿಯಬಹುದಿತ್ತು. ಡಾಕ್ಟರು ಉರ್ದು ಮಾತಿನ ವಯಸ್ಸಾದ ಮನುಷ್ಯ. ಗಾಯ ನೋಡಿ, ತಡವಾಗಿದೆ, ಆದರೆ ಕಾಲಿನ ಕಡಿತ, ವಿಷ ತಲೆಗೇರಲು ದಿನ ಹಿಡಿಯುತ್ತದೆ, ಇನ್ನೂ ಹೊತ್ತು ಮೀರಿಲ್ಲ ಅಂದರು. ಆಮೇಲೆ, ಈಕೆ ಮಕ್ಕಳನ್ನು ಮುಟ್ಟಬಹುದೇ ಅಂತ ನಾನೇ ಕೇಳಿದೆ. ಮುಟ್ಟಿದರೆ, ಎತ್ತಿಕೊಂಡರೆ ಏನೂ ಆಗುವುದಿಲ್ಲ, ಮೈಯಲ್ಲಿ ರೋಗದ ಲಕ್ಷಣವೇ ಇಲ್ಲ ಅಂದರು. ನಾನು ಜನ್ಮದಲ್ಲಿ ಮೊದಲ ಸಲ ಕೇಳಿದ ಮಾತನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಮಾಡದೆ ಕನ್ನಡದಲ್ಲಿ ಹೇಳಿದೆ.

ಸುಭದ್ರಾಬಾಯಿ ಕೇಳಿದಳು, "ಇದು ಡಾಕ್ಟರು ಅಂದದ್ದೋ, ನೀವು ಅಂದದ್ದೋ?"

"ಡಾಕ್ಟರು. ದೇವರಾಣೆ."

ಆಕೆ ಮನೆಗೆ ಬಂದದ್ದೇ ಹಿತ್ತಲ ಖೋಲಿಗೆ ಹೋಗಿ ಕೂತಳು. ಸಂಜೆ ಚಿಲಕ ಬಿದ್ದ ಸದ್ದು ಕೇಳಿತು.

ಗಿರಿಜಾಬಾಯಿ ಹೇಳಿ ನೋಡಿದಳು. ಆದರೆ ಆಕೆಗೂ ಉರ್ದು ಅಷ್ಟಕ್ಕಷ್ಟೇ, ನನ್ನಿಂದಲೇ ಕೇಳಿ ತಿಳಿದವಳು. ತುಳಸಾಬಾಯಿ ಹೇಳಿದರು, ಅವರಿಗೂ ನಾನೇ ಮೂಲ. ಇಡೀ ಗಲ್ಲಿಯಲ್ಲಿ ಯಾರು ಏನು ಹೇಳಿದರೂ ಅದು ಕೊನೆಗೆ ನನ್ನ ಬಾಯಿಗೇ ಬಂದು ಮುಟ್ಟುತ್ತಿತ್ತು, ಆ ಬಾಯಿಯ ಯೋಗ್ಯತೆ ಆಕೆಗೆ ಚೆನ್ನಾಗಿ ಗೊತ್ತಿತ್ತು. ತನ್ನ ಜೀವದ ಮಾತಾಗಿದ್ದರೆ ನಂಬುತ್ತಿದ್ದಳೇನೋ. ಮಕ್ಕಳ ಜೀವದ ಮಾತು, ಅದಕ್ಕೆ ನನ್ನ ಜಾಮೀನು ಸಾಲದು.

ರಾಯರಿಗೆ ತಂತಿ ಕೊಟ್ಟೆ. ಅವರು ಶ್ರೀಕಾಕುಳಂ ಕಡೆಯ ಗುಡ್ಡಗಳಲ್ಲಿದ್ದರು. ಸುಭದ್ರಾಬಾಯಿಯ ಕಾರ್ಡು ಮುಂದೆ, ನನ್ನ ತಂತಿ ಹಿಂದೆ, ಎರಡೂ ಬಿಡಾರದಿಂದ ಬಿಡಾರಕ್ಕೆ ಅವರನ್ನು ಹುಡುಕುತ್ತ ಅಲೆದವು. ನಾನು ನೋಡಿದ್ದಕ್ಕಿಂತ ಹೆಚ್ಚು ಆಂಧ್ರಪ್ರದೇಶವನ್ನು ಆ ತಂತಿ ನೋಡಿತು. ಅದು ಅವರ ಕೈಸೇರಿ ಅವರು ರೈಲು ಹತ್ತುವ ಹೊತ್ತಿಗೆ ಇಲ್ಲಿ ಎಲ್ಲ ಮುಗಿದಿತ್ತು.

ಹದಿನಾಲ್ಕು ದಿನ ನಾವು ಮೂವರು ಎರಡು ರಿಕ್ಷಾ ಮಾಡಿಕೊಂಡು ಹೋದೆವು. ಮುಂದಿನದರಲ್ಲಿ ಗಿರಿಜಾಬಾಯಿ ಮತ್ತು ಸುಭದ್ರಾಬಾಯಿ, ಹಿಂದಿನದರಲ್ಲಿ ನಾನೊಬ್ಬನೇ. ನಾನು ಬಾಯಿ ಮುಚ್ಚಿಕೊಂಡು ಕೂತ ಆ ಹದಿನಾಲ್ಕು ದಿನ ಹೈದರಾಬಾದಿಗೇ ವಿಚಿತ್ರವೆನಿಸಿರಬೇಕು. ಪಾಳಿಯಲ್ಲಿ ಸುಭದ್ರಾಬಾಯಿಯ ಪಕ್ಕ ದಿನಾ ಒಬ್ಬ ಬುರ್ಖಾದ ಹೆಂಗಸು, ಮಗನಿಗೆ ಸೂಜಿ ಹಾಕಿಸಲು ಬರುತ್ತಿದ್ದಳು. ಮೊದಲೆರಡು ದಿನ ಇಬ್ಬರೂ ಬರಿ ನೋಡಿಕೊಂಡರು. ಮೂರನೆಯ ದಿನ ಸುಭದ್ರಾಬಾಯಿ ತನ್ನ ಕೈಯನ್ನು ತೋರಿಸಿದಳು. ಆ ಹೆಂಗಸು "ಹಾತ್" ಅಂದಳು. ಆಮೇಲೆ ನೀರಿಗೆ ಪಾನಿ, ಮಗುವಿಗೆ ಬಚ್ಚಾ, ಮುಟ್ಟುವುದಕ್ಕೆ ಹಾತ್ ಲಗಾನಾ, ಭಯಕ್ಕೆ ಡರ್, ಒಂದೊಂದೇ. ಖೋಲಿಯಲ್ಲಿ ಒಬ್ಬಳೇ ಕೂತು ಆ ಮಾತುಗಳನ್ನು ಜಪದಂತೆ ಹೇಳಿಕೊಳ್ಳುವುದು ಗೋಡೆಯ ಈಚೆ ನನಗೆ ಕೇಳುತ್ತಿತ್ತು. ಅದರ ನಡುವೆ ಪ್ರತಿ ಬೆಳಿಗ್ಗೆ ಲೋಟ ನೆಲಕ್ಕಿಟ್ಟ ಸದ್ದು. ಆ ಸದ್ದು ಕೇಳಿದಮೇಲೆಯೇ ನಾನು ಚಹಾ ಕುಡಿಯುತ್ತಿದ್ದೆ.

ಜಯತೀರ್ಥ ಹನ್ನೆರಡನೆಯ ದಿನದ ಸುಮಾರಿಗೆ ಕಿಟಕಿಯ ಹತ್ತಿರ ಬರುವುದನ್ನು ಬಿಟ್ಟ. ಮಕ್ಕಳ ಅಭ್ಯಾಸ ಅಷ್ಟೇ, ಎಷ್ಟು ದಿನ ಅಂತ ಕೈಚಾಚಿಯಾವು. ಅಜ್ಜಿಯ ಹಿಂದೆ ತಿರುಗುತ್ತಿದ್ದ. ಸುಭದ್ರಾಬಾಯಿ ಹಾಡುವುದನ್ನು ನಿಲ್ಲಿಸಿದಳು. ಅದೊಂದು ಮೂರು ದಿನ ಆ ಕಡೆಯಿಂದ ಲೋಟದ ಸದ್ದು ಬಿಟ್ಟು ಏನೂ ಕೇಳಲಿಲ್ಲ.

ಕೊನೆಯ ಸೂಜಿಯ ದಿನ, ಅಂದರೆ ನಾಯಿ ಕಚ್ಚಿದ ಇಪ್ಪತ್ತೊಂದನೆಯ ದಿನ, ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ಮುಗೀತು ಅಂದರು. ನಾನು ಎದ್ದೆ. ಸುಭದ್ರಾಬಾಯಿ ಏಳಲಿಲ್ಲ. ನನ್ನತ್ತ ಕೈ ತೋರಿಸಿ ಸುಮ್ಮನಿರಲು ಸನ್ನೆ ಮಾಡಿ, ಡಾಕ್ಟರ ಮುಖ ನೋಡಿ, ಒಂದೊಂದೇ ಮಾತನ್ನು ಉಸಿರು ತೆಗೆದುಕೊಂಡು ಆಡಿದಳು.

"ಮೈ... ಬಚ್ಚೇ ಕೋ... ಹಾತ್ ಲಗಾನಾ?"

ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. "ಲಗಾವ್ ಅಮ್ಮಾ. ಬಿಲ್ಕುಲ್ ಲಗಾವ್. ಕುಛ್ ನಹೀ ಹೋತಾ."

"ಡರ್ ನಹೀ?"

"ನಹೀ ಅಮ್ಮಾ. ಡರ್ ನಹೀ."

ಆಕೆ ನನ್ನತ್ತ ತಿರುಗಲಿಲ್ಲ, ಏನಂದರು ಅಂತ ಕೇಳಲಿಲ್ಲ. ರಿಕ್ಷಾದಿಂದ ಇಳಿದವಳು ಹಿತ್ತಲಿಗೆ ಹೋಗದೆ ಮುಂಬಾಗಿಲಿನಿಂದ ಒಳಗೆ ಹೋದಳು. ಜಯತೀರ್ಥ ಅಜ್ಜಿಯ ಸೆರಗು ಹಿಡಿದು ನಿಂತಿದ್ದ. ತಾಯಿ ಕೈಚಾಚಿದಳು. ಕೂಸು ಬರಲಿಲ್ಲ, ಅಜ್ಜಿಯ ಹಿಂದೆ ಅಡಗಿತು. ಕಾಗೆ ಮುಟ್ಟಿದವಳನ್ನು ಮುಟ್ಟಬಾರದು ಅಂತ ಅದಕ್ಕೆ ಈಗ ಗೊತ್ತಾಗಿತ್ತಲ್ಲ. ಸುಭದ್ರಾಬಾಯಿ ಹೊಸ್ತಿಲ ಹತ್ತಿರ ಕೂತಳು, ಕೂತೇ ಇದ್ದಳು. ನಾನು ಏನೋ ತಮಾಷೆ ಮಾಡಲು ಬಾಯಿ ತೆರೆದೆ. ಗಿರಿಜಾಬಾಯಿ ನನ್ನ ಅಂಗಿ ಹಿಡಿದು ನಮ್ಮ ಪೋರ್ಶನ್ನಿಗೆ ಎಳೆದುಕೊಂಡು ಹೋದಳು. ಸಂಜೆಯಾಗುವ ಹೊತ್ತಿಗೆ ಗೋಡೆಯಾಚೆ ಹಾಡು ಶುರುವಾಯಿತು. ಕೂಸು ಹತ್ತಿರ ಬಂದಿರಬೇಕು ಅಂದುಕೊಂಡೆವು.

ಈಗ ಸುಭದ್ರಾಬಾಯಿಗೆ ಅರವತ್ತನಾಲ್ಕು. ಉರ್ದು ಬಂತು, ತೆಲುಗು ಬಂತು; ತರಕಾರಿಯವರು ಈಗ ಆಕೆಯ ಬಾಯಿಗೆ ಹೆದರಿ ಗಲ್ಲಿ ಬದಲಿಸುತ್ತಾರೆ. ರಾಯರು ಹೋಗಿ ನಾಲ್ಕು ವರ್ಷವಾಯಿತು, ನನ್ನ ಗಿರಿಜಾಬಾಯಿ ಅವರಿಗಿಂತ ಮುಂಚೆಯೇ. ಜಯತೀರ್ಥ ಬ್ಯಾಂಕಿನಲ್ಲಿದ್ದಾನೆ, ತಾಯಿಯನ್ನು ಅದೇ ಗಲ್ಲಿಯಲ್ಲಿ ಸ್ವಂತ ಮನೆ ಕಟ್ಟಿ ಇಟ್ಟುಕೊಂಡಿದ್ದಾನೆ. ಆ ಇಪ್ಪತ್ತೊಂದು ದಿನದಲ್ಲಿ ಒಂದು ದಿನವೂ ಅವನಿಗೆ ನೆನಪಿಲ್ಲ. ನಲಿನಿ ಗುಲಬರ್ಗಾದಲ್ಲಿ ಮಾಸ್ತರಿಣಿ. ಆಕೆಗೆ ಎಲ್ಲ ನೆನಪಿದೆ, ಅದರ ಬಗ್ಗೆ ಮಾತಾಡುವುದಿಲ್ಲ.

ಹೋದ ವಾರ ಕೋಲೂರಿಕೊಂಡು ಅವರ ಮನೆಗೆ ಹೋಗಿದ್ದೆ. ಸುಭದ್ರಾಬಾಯಿ ವರಾಂಡದಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ವಯಸ್ಸಾದಮೇಲೆ ಮನುಷ್ಯನಿಗೆ ತನ್ನ ಹಳೆಯ ತಪ್ಪುಗಳನ್ನು ಒಪ್ಪಿಕೊಳ್ಳುವ ಚಟ ಹತ್ತುತ್ತದೆ, ಅದರಲ್ಲಿಯೂ ಸ್ವಲ್ಪ ತನ್ನ ಕಡೆಗೆ ಎಳೆದುಕೊಂಡು.

"ತಂಗೀ," ಅಂದೆ, "ಅವತ್ತಿನ ತಪ್ಪು ನಂದು. ಕೂಸನ್ನ ಹಿಡೀಲಿಲ್ಲ, ಮ್ಯಾಲ ಸುಳ್ಳು ಹೇಳಿದೆ. ಒಪ್ಪಿದೆ. ಆದ್ರ ಆ ಖೋಲ್ಯಾಗ ನೀನು ಪೂರಾ ಒಬ್ಬಾಕೀನೇ ಇದ್ದಿ ಅಂತ ಮಾತ್ರ ತಿಳೀಬ್ಯಾಡ. ನಡುವ ಒಂದೇ ಗ್ವಾಡಿ. ಅಷ್ಟೂ ದಿನ ಈಚೀಕಡೆ ನಾ ಇದ್ದೆ."

ಆಕೆ ಬತ್ತಿಯ ತುದಿ ಚೂಪು ಮಾಡಿ ಪಕ್ಕಕ್ಕಿಟ್ಟಳು.

"ನೀವಿದ್ದದ್ದು ಗೊತ್ತಿತ್ತಲ್ಲ ಅಣ್ಣಾ," ಅಂದಳು. "ಅದಕ್ಕೇ ನಾ ಒಬ್ಬಾಕೀನೇ ಇದ್ದೀನಿ ಅಂತ ಖಾತ್ರಿ ಆತು."